ಕೈ ಊರದೆ ಏಳುವುದು

೧.
ಕುರ್ಚಿಯ ಕಥೆಯನ್ನು ಎಲ್ಲಿಂದ ಶುರುಮಾಡಬೇಕು? ಕಾಲಿನಿಂದಲೋ, ಬೆನ್ನಿನಿಂದಲೋ? ಮೊದಲ ಡ್ರಾಫ್ಟ್ ಶಾಂಪೂ ಬಾಟಲಿಗಳಿಂದ ಶುರುವಾಗಿತ್ತು: ತೊಳೆದು, ಪುಡಿಮಾಡಿ, ಬಿಸಿ ಅಚ್ಚಿನಲ್ಲಿ ಒತ್ತಿ, ಹಲಗೆಯಾಗಿ, ಕುರ್ಚಿಯಾಗಿ. ಕಂಪನಿಯ ಬ್ರೋಷರ್ ಓದಿದಂತಿತ್ತು. ಹರಿದು ಹಾಕಿದೆ. (ಕಾಗದವೂ ಮರುಬಳಕೆಗೇ ಹೋಯಿತು, ಚಿಂತೆ ಬೇಡ.)

೨.
ಸರಿ, ಮನುಷ್ಯರಿಂದ ಶುರು. ಒಬ್ಬಳು ಡಿಸೈನರ್. ಹಳೇ ಪ್ಲಾಸ್ಟಿಕ್ಕಿನಿಂದ ಕುರ್ಚಿ ಮಾಡಿ ಶೋರೂಮಿಗೆ ಕೊಡುತ್ತಾಳೆ. ಒಂಬತ್ತು ವರ್ಷದಿಂದ ಪ್ರತಿ ಹೊಸ ಮಾದರಿಯಲ್ಲಿ ಮೊದಲು ಕೂರುವವಳು ಅವಳ ಅಮ್ಮ. ಪರೀಕ್ಷೆ ಒಂದೇ: ಕೈಕಟ್ಟಿ ಕೂತು, ಕೈ ಊರದೆ ಎದ್ದರೆ ಕುರ್ಚಿ ಪಾಸು. ಅಮ್ಮ ಏಳಲು ತಿಣುಕಿದಾಗಲೆಲ್ಲ ಮಗಳು "ಸ್ವಲ್ಪ ತಗ್ಗಾಯ್ತು" ಎಂದು ಕಾಲು ಎತ್ತರಿಸುತ್ತಿದ್ದಳು. ತಪ್ಪು ಕುರ್ಚಿಯದೇ. ಅಮ್ಮನದು ಹೇಗಾದೀತು?

ಮೊನ್ನೆ ಶೋರೂಮಿನವನು ಫೋನ್ ಮಾಡಿದ. "ಮೇಡಂ, ಕೂತವ್ರ ಕಾಲು ನೆಲಕ್ಕೇ ತಾಗ್ತಿಲ್ಲ. ಯಾರಿಗೆ ಅಂತ ಮಾಡ್ತಿದ್ದೀರಿ ಇದನ್ನ?"

ಟೇಪು ಹಿಡಿದು ಅಳೆದಳು. ಮೊದಲ ಕುರ್ಚಿ ನಲವತ್ಮೂರು ಸೆಂಟಿಮೀಟರ್, ಈಗಿನದು ಐವತ್ತೊಂದು. ಆ ಎಂಟು ಸೆಂಟಿಮೀಟರಿನಲ್ಲಿ ಅಮ್ಮನಿಗೆ ವಯಸ್ಸಾಗಿತ್ತು. ಮಗಳು ಟೇಪು ಹಿಡಿದುಕೊಂಡೇ ಅತ್ತಳು.

೩.
ನನ್ನ ಪ್ಲಾನ್ ಹೀಗಿತ್ತು: ಅಮ್ಮ ಸಾಯುತ್ತಾಳೆ, ಕಿಟಕಿಯ ಬಳಿ ಖಾಲಿ ಕುರ್ಚಿ, ಓದುಗರ ಕಣ್ಣಲ್ಲಿ ನೀರು. ಗ್ಯಾರಂಟಿ ಎಂಡಿಂಗ್. ಬರೆಯಹೊರಟರೆ ಅಮ್ಮ ನನ್ನ ಕಡೆಗೇ ತಿರುಗಿದಳು.

"ನೂರಾರು ವರ್ಷ ಮಣ್ಣಾಗದ ಸಾಮಾನಿನ ಮೇಲೆ ಕೂರ್ಸಿ, ನನ್ನನ್ನ ಇಷ್ಟು ಬೇಗ ಸಾಯಿಸ್ತೀಯಾ?"

"ಕಥೆಗೆ ಒಂದು ಅಂತ್ಯ ಬೇಕಲ್ಲಮ್ಮ."

"ಕಥೆಗೆ ಬೇಕು. ನಂಗೇನು ಅವಸರ? ಅಲ್ಲ, ಖಾಲಿ ಕುರ್ಚಿ ಅಂದ್ರೆ ಯಾರೋ ಸತ್ರು ಅಂತ್ಲೇ ಯಾಕೆ ಅಂದ್ಕೊಳ್ತೀಯ?"

ಸಲಿಗೆ ಕೊಟ್ಟರೆ ಪಾತ್ರವೂ ತಲೆ ಮೇಲೆ ಕೂರುತ್ತದೆ.

೪.
ಎರಡನೇ ಅಂತ್ಯ: ಪರೀಕ್ಷೆಗೆ ಬೇರೆ ಯಾರನ್ನೋ ನೇಮಿಸುವುದು. (ಬರೆದೆ, ಅಳಿಸಿದೆ. ನನಗೇ ಮನಸ್ಸು ಬರಲಿಲ್ಲ.)

೬.
(ಐದನೆಯದು ಪರಿಸರದ ಬಗ್ಗೆ ನನ್ನ ಭಾಷಣ. ಇಟ್ಟಿದ್ದರೆ ನೀವೇ ಎದ್ದುಹೋಗುತ್ತಿದ್ದಿರಿ.)

ಮಗಳು ಹೊಸ ಮಾದರಿಯನ್ನು ಮನೆಗೆ ತಂದಳು. ಎತ್ತರ ಮತ್ತೆ ನಲವತ್ಮೂರು ಸೆಂಟಿಮೀಟರ್. ಮನೆಯ ಒಡೆದ ನೀಲಿ ಬಕೆಟ್ಟೂ ಅದರಲ್ಲಿ ಸೇರಿ ಸೀಟಿನ ತುಂಬ ನೀಲಿ ಚುಕ್ಕೆಗಳಿದ್ದವು.

"ಇದ್ರಲ್ಲಿ ನೀನು ಕೂರೋದು ಬೇಡಮ್ಮ."

"ಯಾಕೆ? ನೀನು ಕಾಲು ಎತ್ತರಿಸ್ತಿದ್ದದ್ದು ನಂಗೆ ಗೊತ್ತಿರ್ಲಿಲ್ವಾ? ಸುಖವಾಗಿತ್ತು, ಸುಮ್ನಿದ್ದೆ." ಅಮ್ಮ ಕೈಕಟ್ಟಿ ಕೂತಳು. "ಹತ್ರ ಬರ್ಬೇಡ. ಆ ಕಡೆ ತಿರುಗು."

ಮಗಳು ಗೋಡೆಯತ್ತ ತಿರುಗಿದಳು. ಅಮ್ಮ ನನ್ನನ್ನು ನೋಡಿದಳು. "ನೀನೂ ಅಷ್ಟೆ."

ತಿರುಗಿದೆ. ಬೆನ್ನ ಹಿಂದೆ ಒಂದು ದೊಡ್ಡ ಉಸಿರು, ಮಂಡಿಯ ಲಟಕ್ಕೆನ್ನುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

ತಿರುಗಿ ನೋಡಿದರೆ ಕುರ್ಚಿ ಖಾಲಿ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು.

"ಪಾಸು ಅಂತ ಬರ್ಕೊ" ಎಂದಿತು ಅಮ್ಮನ ದನಿ. ಮಗಳಿಗೆ ಹೇಳಿದಳೋ, ನನಗೋ. ಬರೆದುಕೊಂಡಿದ್ದೇನೆ. ಕೈ ಊರಿದಳೋ ಇಲ್ಲವೋ ನಾನು ನೋಡಲಿಲ್ಲ. ನೀವೂ ಕೇಳಬೇಡಿ.