ಹಿಂದಿನ ಸಾಲಿನ ಬೋರಾನ್

ನಮ್ಮ ಪ್ರಯೋಗಾಲಯದೊಳಗೆ ಗಾಜಿಗೆ ಪ್ರವೇಶವಿಲ್ಲ. ಇಂಥ ಕಡೆ ಬಳಸುವ ಗಾಜಿನಲ್ಲಿ ಬೋರಾನ್ ಎಂಬ ಧಾತು ಇದ್ದು ನೀರಿಗೂ ಇಳಿಯುತ್ತದೆ, ನಾವು ಲಾವಾ ಕಲ್ಲಿನಲ್ಲಿ ಹುಡುಕುವುದೂ ಅದನ್ನೇ. ಹಾಗಾಗಿ ಲೋಟ, ಬಾಟಲಿ ಎಲ್ಲ ಪ್ಲಾಸ್ಟಿಕ್. ಈ ಮಡಿ ಕಲಿಸಿದವರು ಕುಜುಹಾರಾ ಮೇಷ್ಟ್ರು.

ಅವರ ಪಾಠ ಸರಳ. ಜಪಾನಿನ ಅಡಿಗೆ ಜಾರುವ ಕಡಲತಳ ಒದ್ದೆ ಬಟ್ಟೆಯಂತೆ. ಮೊದಲ ಹಿಂಡಿಗೇ ನೀರು ಹೊರಬಿದ್ದು, ಅದರ ಜೊತೆ ಬೋರಾನ್ ಕೂಡ ಮುಂದಿನ ಸಾಲಿನ ಜ್ವಾಲಾಮುಖಿಗಳ ಪಾಲಾಗುತ್ತದೆ. ಕಡಲತಳ ಒಳಗಿಳಿಯುವ ಕಂದಕದಿಂದ ದೂರವಿರುವ ಹಿಂದಿನ ಸಾಲಿಗೆ ಉಳಿಯುವುದು ಚೂರೇ ಚೂರು.

ಅವರ ವಿದ್ಯಾರ್ಥಿನಿಯಾದ ನಾನು ಹಿಂದಿನ ಸಾಲಿನ ಪುಟ್ಟ ದ್ವೀಪವೊಂದರಿಂದ ತಂದ ಕಲ್ಲಿನಲ್ಲಿ ಬೋರಾನ್ ದಂಡಿಯಾಗಿ ಸಿಕ್ಕಿತು. ನಿಜವಾದರೆ ನನ್ನ ಪಿಎಚ್‌ಡಿ ಆದಂತೆಯೇ. ಸುಳ್ಳಾದರೆ ಇಷ್ಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಎಲ್ಲೋ ಗಾಜು ಮುಟ್ಟಿದೀಯ ಹೊನಾಮಿ," ಅಂದರು ಮೇಷ್ಟ್ರು.

"ಇಲ್ಲ ಮೇಷ್ಟ್ರೇ. ನನ್ನ ಕನ್ನಡಕ ಕೂಡ ಪ್ಲಾಸ್ಟಿಕ್ಕಿಂದು."

"ನಂಬಲ್ಲಮ್ಮ. ಕಲ್ಲು ಹಾಕದೆ ಬರೀ ನೀರು, ಆಸಿಡ್ ಇಟ್ಟು ಅಳೆಯೋಣ. ನಾನೇ ಮಾಡ್ತೀನಿ."

ಕಲ್ಲಿಲ್ಲದ ಲೋಟದಲ್ಲಿ ಬೋರಾನ್ ಸೊನ್ನೆಯ ಹತ್ತಿರ ಇರಬೇಕು. ಯಂತ್ರ ತೋರಿಸಿದ್ದು ರಾಶಿ ಬೋರಾನ್.

"ನೋಡಿದ್ಯಾ?" ಅಂದರು ಮೇಷ್ಟ್ರು.

ಮೊದಲು ನಾನೂ ಹೀಗೇ ಕಲ್ಲಿಲ್ಲದೆ ಅಳೆದಾಗ ಸೊನ್ನೆಯೇ ಬಂದಿತ್ತಲ್ಲ. ಸುಮ್ಮನಿರಲಾಗಲಿಲ್ಲ.

"ನೀರು ಎಲ್ಲಿಂದ ತಂದ್ರಿ ಮೇಷ್ಟ್ರೇ?"

"ನಿನ್ನ ಡಬ್ಬದ ನೀರಿನ ಮೇಲೆ ನಂಬಿಕೆ ಬರ್ಲಿಲ್ಲ. ಪಕ್ಕದ ಕೋಣೆಯಿಂದ ತಂದೆ."

"ಯಾವುದರಲ್ಲಿ ಇಟ್ಟಿದ್ರು ಅದನ್ನ?"

ಮೇಷ್ಟ್ರ ಕಿವಿ ಕೆಂಪಾಯಿತು. ಪಕ್ಕದ ಕೋಣೆಯಲ್ಲಿ ನೀರಿಡುವುದು ಗಾಜಿನ ಬಾಟಲಿಯಲ್ಲಿ.

"ಮಡಿ ಕಲಿಸಿದೋರೇ ಮೈಲಿಗೆ ಮಾಡಿದ್ರಲ್ಲ," ಅಂದೆ.

"ನಗು, ನಗು. ನಿನ್ನ ಡಬ್ಬ ಕೊಡು ಇಲ್ಲಿ."

ಈ ಸಲ ನನ್ನ ನೀರಿನಲ್ಲೇ ಎಲ್ಲವನ್ನೂ ಅವರೇ ಮಾಡಿದರು. ಕಲ್ಲಿಲ್ಲದ ಲೋಟ ಸೊನ್ನೆಗೆ ಹತ್ತಿರ ಬಂತು. ಕಲ್ಲಿನ ಬೋರಾನ್ ಮಾತ್ರ ಹಾಗೇ ಇತ್ತು. ನನಗೆ ಕುಣಿದಾಡಬೇಕೆನಿಸಿತು.

ಮೇಷ್ಟ್ರು ನಾವು ವಿದ್ಯಾರ್ಥಿಗಳು ಕೂರುವ ಸ್ಟೂಲಿನ ಮೇಲೆ ಕೂತರು. ವರ್ಷಗಟ್ಟಲೆ ಕಲಿಸಿದ ಪಾಠಕ್ಕೆ ಏಟು ಬಿದ್ದಿದ್ದರೂ ಅವರ ಕಣ್ಣು ಮಿನುಗುತ್ತಿತ್ತು.

"ಹೇಳಮ್ಮ, ಅಷ್ಟು ದೂರದವರೆಗೂ ಕಡಲತಳದ ಆ ನೀರು ಹೇಗೆ ಉಳ್ಕೊಂಡಿತು?"

"ಗೊತ್ತಿಲ್ಲ ಮೇಷ್ಟ್ರೇ."

"ನನಗೂ ಗೊತ್ತಿಲ್ಲ," ಎಂದರು, ಪರೀಕ್ಷೆಯಲ್ಲಿ ಪಾಸಾದ ಹುಡುಗನಷ್ಟು ಖುಷಿಯಿಂದ. "ಆ ದ್ವೀಪಕ್ಕೆ ದೋಣಿ ಎಷ್ಟು ಹೊತ್ತಿಗಿದೆ ವಿಚಾರಿಸು. ನಾನೂ ಬರ್ತೀನಿ."