ದನಿಗೆ ಸಿಕ್ಕ ಕೆಲಸ

ಮೇಜು ನಡುಗುತ್ತಿದೆ, ಅಲ್ಲ, ಮೇಜಿನ ಮೇಲಿನ ಫೋನು, ಪಕ್ಕದ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು, ಮತ್ತೆ ಅವಳೇ, ಹನ್ನೊಂದಕ್ಕೆ ಸರಿಯಾಗಿ, ನಾಲ್ಕು ದಿನದಿಂದ ಹೀಗೇ, ಎತ್ತುವುದಿಲ್ಲ, ಒಳಕೋಣೆಯಿಂದ ಇವರ ಕೂಗು, ಏನೇ, ನಿನ್ನ ಆಫೀಸು ಬಡ್ಕೊಳ್ತಿದೆ — ಇವರಿಗಿನ್ನೂ ಹೇಳಿಲ್ಲ, ಗೋಡೆಗೆ ಬಣ್ಣ ಬಳಿಯುತ್ತ ಸಾರುವೆಯಿಂದ ಬಿದ್ದು ಸೊಂಟದ ಕೆಳಗೆ ಸತ್ತ ಮನುಷ್ಯನಿಗೆ ಯಾವ ಬಾಯಲ್ಲಿ ಹೇಳಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಲ್ಲಿ ಹುಣ್ಣು, ಅದಕ್ಕೇ ಮನೆಯಲ್ಲಿ ಕೂತು ಮಾಡುವ ಕೆಲಸ ಬೇಕಾಗಿತ್ತು, ಗೂಟಕ್ಕೆ ಕಟ್ಟಿದ ಹಸು ನಾನು, ಹಗ್ಗ ಎಷ್ಟುದ್ದವೋ ಅಷ್ಟೇ ಮೇವು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ ಫೋನ್ ಎತ್ತಿದವಳು, ಸೊನ್ನೆ ಒತ್ತಿದರೆ ನಾನು, ದೊಡ್ಡ ಡಾಕ್ಟರೂ ಸೊನ್ನೆಯಮ್ಮ ಅಂತಲೇ ಕರೆಯುತ್ತಿದ್ದರು, ಕೆಟ್ಟ ಸುದ್ದಿಯನ್ನೂ ಮೆತ್ತಗೆ ದಾಟಿಸುವ ದನಿ ಕಣಮ್ಮ ನಿನ್ನದು ಅನ್ನುತ್ತಿದ್ದರು, ಆಮೇಲೆ ಫೋನ್ ಎತ್ತುವ ಯಂತ್ರ ಬಂತು, ಸೊನ್ನೆಗೆ ಬೆಲೆಯಿಲ್ಲ ಅನ್ನುವುದು ಲೆಕ್ಕದಲ್ಲಷ್ಟೇ ಅಲ್ಲ ಎಂದು ಅವತ್ತು ತಿಳಿಯಿತು.

ನಾನೇನು ಕಣ್ಣು ಮುಚ್ಚಿ ಬಾವಿಗೆ ಬಿದ್ದವಳಲ್ಲ, ಕೆಲ್ಸ ಕೊಡೋರು ದುಡ್ಡು ಕೇಳಿದ್ರೆ ಅದು ಕೆಲ್ಸ ಅಲ್ಲ ಅತ್ತಿಗೆ ಅಂತ ನಾದಿನಿ ಹೇಳಿದ್ದಳು, ಆ ಮಾತನ್ನು ಸೆರಗಿನ ಗಂಟಿನ ಹಾಗೆ ಕಟ್ಟಿಕೊಂಡಿದ್ದೆ, ಪೆನ್ನು ಜೋಡಿಸುವ ಕೆಲಸದವನು ನೋಂದಣಿ ಶುಲ್ಕ ಅಂದ, ಫೋನ್ ಇಟ್ಟುಬಿಟ್ಟೆ, ಟೈಪಿಂಗಿನವಳು ತರಬೇತಿಗೆ ಕಟ್ಟಿ ಅಂದಳು, ಇಟ್ಟುಬಿಟ್ಟೆ, ಈ ಕಂಪನಿಯವನು ಮಾತ್ರ ಒಂದು ಕಾಸೂ ಕೇಳಲಿಲ್ಲ, ಒಂದು ನಿಮಿಷ ಮಾತಾಡಿ ಅಂದ, ಮಾತಾಡಿದೆ, ಇಂಥ ದನಿ ಹುಡುಕ್ತಾ ಇದ್ವಿ ಮೇಡಂ ಅಂದ, ಮೂರು ವರ್ಷದಲ್ಲಿ ಮೊದಲ ಸಲ ಯಾರೋ ನನ್ನನ್ನು ಹುಡುಕುತ್ತಿದ್ದರು. ನಿಮ್ಮ ಹೆಸರಿನಲ್ಲೇ ಹೊಸ ಸಿಮ್ ತಗೊಳ್ಳಿ ಎಂದ, ತಗೊಂಡೆ, ಮೊಹರು ಒತ್ತಿದ ಪತ್ರ ಬಂತು, ವಾರಕ್ಕೊಮ್ಮೆ ಸಂಬಳ, ಎರಡು ವಾರ ಬಂತು ಕೂಡ, ಇವರಿಗೆ ಗಾಳಿ ತುಂಬಿದ ಹಾಸಿಗೆ ತಂದೆ, ಅಬ್ಬಾ, ರಾಜನ ಸವಾರಿ ಅಂತ ಇವರು ನಕ್ಕರು, ನಕ್ಕಿದ್ದು ಎಷ್ಟು ತಿಂಗಳಿಗೋ. ಕೆಲಸವೇನು ಮಹಾ, ಪಟ್ಟಿಯಲ್ಲಿರುವವರಿಗೆ ಫೋನ್ ಮಾಡಿ ಹಾಳೆ ಓದುವುದು, ಅಭಿನಂದನೆಗಳು, ಮನೆಯಿಂದಲೇ ಮಾಡುವ ಕೆಲಸಕ್ಕೆ ಆಯ್ಕೆಯಾಗಿದ್ದೀರಿ, ಆರನೇ ಸಾಲು, ಮನೆಗೆ ಕಳಿಸುವ ಕಂಪ್ಯೂಟರ್ ಮಶಿನ್ನಿಗೆ ಠೇವಣಿ, ವಾಪಸ್ ಕೊಡುತ್ತೇವೆ — ಆರನೇ ಸಾಲಿನಲ್ಲಿ ಮೊದಲ ದಿನ ನಾಲಿಗೆ ತೊಡರಿತು, ನಾದಿನಿಯ ಮಾತು ನೆನಪಾಯಿತು, ಲೈಬ್ರರಿಯಲ್ಲೂ ಠೇವಣಿ ಕೇಳುವುದಿಲ್ಲವೇ ಎಂದು ನುಂಗಿಕೊಂಡೆ, ಎರಡನೇ ದಿನ ತೊಡರಲಿಲ್ಲ. ಅದನ್ನು ಯಾರಿಗೆ ಹೇಳಲಿ, ಎರಡನೇ ದಿನ ತೊಡರಲಿಲ್ಲ ಅನ್ನುವುದನ್ನು.

ಸೋಮವಾರ ಕಂಪನಿಯವನ ನಂಬರೇ ಇಲ್ಲ, ಪತ್ರದ ವಿಳಾಸದಲ್ಲಿ ಕಾರು ನಿಲ್ಲಿಸುವ ಬಯಲು, ಪಕ್ಕದ ಮನೆಯಾಕೆಯನ್ನು ಇವರ ಬಳಿ ಕೂರಿಸಿ ಠಾಣೆಗೆ ಓಡಿದೆ, ಮೇಜಿನ ಹಿಂದಿದ್ದ ಪೊಲೀಸಿನವನು ಪೂರ್ತಿ ಕೇಳಿದ, ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ, ಸಿಮ್ ನಿಮ್ಮದು, ದನಿ ನಿಮ್ಮದು, ಬರ್ಕೊಂಡ್ರೆ ಮೊದಲ ಹೆಸರು ನಿಮ್ದೇ ಬರತ್ತಮ್ಮ, ಮನೇಲಿ ಯಾರಿದ್ದಾರೆ ಅಂದ, ಹೇಳಿದೆ, ಹೋಗಿ, ಯೋಚ್ನೆ ಮಾಡಿ ಬನ್ನಿ ಅಂದ, ಅದು ದಯೆಯೋ ಸೋಮಾರಿತನವೋ, ಬಂದೆ, ನನ್ನನ್ನು ಒಳಗೆ ಹಾಕಿದರೆ ಇವರನ್ನು ಯಾರು ತಿರುಗಿಸುತ್ತಾರೆ, ಯೋಚನೆ ಅಲ್ಲಿಗೇ ಬಂದು ನಿಲ್ಲುತ್ತದೆ, ಫೋನು ಮಾತ್ರ ನಿಲ್ಲುವುದಿಲ್ಲ — ಎತ್ತಿದೆ. ಹಲೋ ಅಂದದ್ದು ಆ ಹಾಳು ಸಿಹಿ ದನಿಯಲ್ಲೇ, ಬೇರೆ ದನಿ ನನಗಿಲ್ಲವಲ್ಲ. ಮೇಡಂ, ಸದ್ಯ, ಸಿಕ್ಕಿದ್ರಿ, ಠೇವಣಿ ಕಟ್ಟಿ ಬಟ್ಟೆ ಕಾರ್ಖಾನೆ ಕೆಲ್ಸ ಬಿಟ್ಟೆ, ನೀವು ಹೇಳಿದ್ರಲ್ಲ, ಪೂರ್ತಿ ದಿನ ಕೊಡ್ಬೇಕು ಅಂತ, ಟ್ರೈನಿಂಗ್ ಯಾವಾಗ. ನಾನು ಹೇಳಿದೆ, ಒಂದೇ ಉಸಿರಿಗೆ, ಕೆಲಸ ಇಲ್ಲ, ಮೋಸ, ನಿಮ್ಮ ಹಣ ಹೋಯಿತು, ನನ್ನ ಮೇಲೇ ದೂರು ಕೊಡಿ, ಹೆಸರು ಬರೆದುಕೊಳ್ಳಿ. ಆ ಕಡೆಯಿಂದ ನಗು, ಮೆತ್ತಗಿನ, ನಂಬಿಕೆಯ ನಗು. ಗೊತ್ತು ಮೇಡಂ, ಪರೀಕ್ಷೆ ತಾನೆ ಇದು, ಹೆದರಿ ಓಡ್ತಾರೋ ಇಲ್ವೋ ಅಂತ, ನಾನು ಓಡಲ್ಲ, ಒಂಬತ್ತಕ್ಕೆಲ್ಲ ತಲೆ ಬಾಚ್ಕೊಂಡು ಹೆಡ್‌ಫೋನ್ ಹಾಕ್ಕೊಂಡೇ ಕೂತಿರ್ತೀನಿ, ಮಶಿನ್ ಬಂದಿಲ್ಲ, ವೈರು ಎಲ್ಲಿಗೆ ಚುಚ್ಚೋದು ಅಂತ ಗೊತ್ತಿಲ್ಲ ಅಷ್ಟೇ. ಅಲ್ಲಮ್ಮ, ಕೇಳು, ಅಂದೆ, ಮೆತ್ತಗೆ, ಮೆತ್ತಗಾದಷ್ಟೂ ನಂಬುತ್ತಾಳೆ, ಆಯ್ತು ಮೇಡಂ, ಕಾಯ್ತೀನಿ ಅಂದು ಇಟ್ಟಳು, ತಿರುಗಿ ಮಾಡಿದರೆ ಎತ್ತುವುದಿಲ್ಲ, ಪರೀಕ್ಷೆಯಲ್ಲವೇ, ಗಂಟೆ ಆಯಿತು, ಇವರ ಮಗ್ಗುಲು, ಎಡ ಭುಜದ ಕೆಳಗೆ ಕೈ ಕೊಡಬೇಕು, ಬಂದೇ ಅನ್ನುತ್ತೇನೆ, ಏಳಲಾಗುತ್ತಿಲ್ಲ, ಎಲ್ಲೋ ಒಂದು ಕೋಣೆ, ಗೋಡೆಗೆ ಮುಖ ಮಾಡಿದ ಕುರ್ಚಿ, ಬಾಚಿದ ತಲೆ, ಕಿವಿಯಿಂದ ಇಳಿದ ವೈರು, ಕೂಗುತ್ತಿದ್ದಾರೆ, ಬಂದೆ, ವೈರು, ಅದರ ತುದಿ ಅವಳ ಮಡಿಲಲ್ಲಿ, ಯಾವುದಕ್ಕೂ ಸೇರದೆ, ಮಡಿಲಲ್ಲಿ, ಆ ತುದಿ