ಕೊನೆಯ ದನಿ

ಪರದೆಯ ಮೇಲೆ ತನ್ನದೇ ಮುಖ ಅಷ್ಟು ದೊಡ್ಡದಾಗಿ ಕಂಡಾಗ ರಾಮಮ್ಮ ತಲೆ ತಗ್ಗಿಸಿದಳು. ಕಳಸದ ಶಾಲೆಯ ಸಭಾಂಗಣ ತುಂಬಿತ್ತು. ಸಂಸೆಯ ಎಸ್ಟೇಟಿನ ಕೂಲಿ ಲೈನಿನವರೆಲ್ಲ ಬಂದಿದ್ದರು. ಪರದೆಯ ರಾಮಮ್ಮ ಗದ್ದೆಯ ಬದುವಿನಲ್ಲಿ ನಿಂತು ನಾಟಿ ಹಾಡು ಹಾಡುತ್ತಿದ್ದಳು. ಅವಳ ದನಿಯ ಬೆನ್ನಿಗೆ ಬೆಂಗಳೂರಿನ ನಲವತ್ತು ಪಿಟೀಲುಗಳು ಅದೇ ಧಾಟಿ ಹಿಡಿದಿದ್ದವು. ಕೆಳಗೆ ಅಕ್ಷರ ಮೂಡಿತು. ಮುಂದೆ ಕೂತ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿದಳು: "ಈ ಹಾಡು ಬಲ್ಲ ಕೊನೆಯ ದನಿ."

ಮೂರು ಸಾಲು ಹಿಂದೆ ದ್ಯಾವಮ್ಮ ಕೂತಿದ್ದಳು.

ಮೂವತ್ತು ವರ್ಷ ಗದ್ದೆಯಲ್ಲಿ ಹಾಡು ಎತ್ತಿಕೊಡುತ್ತಿದ್ದವಳು ದ್ಯಾವಮ್ಮ. ರಾಮಮ್ಮನದು ಅವಳ ಹಿಂದೆ ಹೇಳುವ ದನಿ. ಹೋದ ವರ್ಷ ಸಿನಿಮಾ ಮಾಡುವ ಕೃತಿಕಾ ಕ್ಯಾಮೆರಾದವರೊಂದಿಗೆ ಬಂದು, "ಮತ್ಯಾರಿಗಾದ್ರೂ ಈ ಹಾಡು ಬರುತ್ತಾ?" ಎಂದು ಕೇಳಿದ್ದಳು. ನಾಲ್ಕು ಮನೆಯಾಚೆ ದ್ಯಾವಮ್ಮ ಅಕ್ಕಿ ಆರಿಸುತ್ತಾ ಕೂತಿರುವುದು ಗೊತ್ತಿದ್ದೂ ರಾಮಮ್ಮ, "ಯಾರೂ ಇಲ್ಲ ಕಣ್ರಮ್ಮ, ಎಲ್ಲ ಹೋದ್ರು" ಎಂದುಬಿಟ್ಟಳು. ಒಂದು ಸಲವಾದರೂ ಮುಂದೆ ನಿಂತು ಹಾಡಬೇಕೆನಿಸಿತ್ತು. ನಡುವೆ ಮರೆತ ಕಡೆ ತಾನೇ ಕಟ್ಟಿ ಸೇರಿಸಿದಳು.

ಈಗ ಆ ಜಾಗ ಬಂತು. ನಿಜವಾದ ಹಾಡಿನಲ್ಲಿ ಹೊಳೆ ತುಂಬಿ, ಮದುವೆಯಾಗಿ ಹೋದ ಹುಡುಗಿ ಆಚೆ ದಡದಲ್ಲೇ ಉಳಿಯುತ್ತಾಳೆ. ರಾಮಮ್ಮ ಅವಳನ್ನು ತವರಿಗೆ ಮುಟ್ಟಿಸಿದ್ದಳು. ಪಿಟೀಲುಗಳು ಸಂಭ್ರಮದಿಂದ ಏರಿದವು. ಜನ ಚಪ್ಪಾಳೆ ತಟ್ಟಿದರು. ಲೈನಿನವರು ಮಾತ್ರ ಕೈ ಕಟ್ಟಿಕೊಂಡು ಕೂತಿದ್ದರು.

ದೀಪ ಹತ್ತಿದ ಮೇಲೆ, ಗೋಡೆಗೊರಗಿ ನಿಂತಿದ್ದ ಕೃತಿಕಾ ನೇರ ದ್ಯಾವಮ್ಮನ ಬಳಿ ಹೋದಳು.

"ಅಜ್ಜಿ, ಹಾಡಿನ ಜೊತೆ ನಿಮ್ಮ ತುಟಿನೂ ಅಲ್ಲಾಡ್ತಿತ್ತು. ನಿಮಗೂ ಬರುತ್ತಾ?"

ದ್ಯಾವಮ್ಮ ರಾಮಮ್ಮನತ್ತ ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಾದರೂ ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು.

"ಇಲ್ಲ ಕಣವ್ವಾ. ನಾ ಕೇಳಿದ್ದೆ ಅಷ್ಟೇ. ಹಾಡೋಳು ಅವ್ಳೇ."

"ಅಲ್ಲ ಕಣ್ರಮ್ಮ, ದ್ಯಾವಕ್ಕ..." ರಾಮಮ್ಮ ಎದ್ದಳು. ಅಷ್ಟರಲ್ಲಿ ಯಾರೋ ಹೆಗಲಿಗೆ ಶಾಲು ಹೊದಿಸಿದರು. ಇನ್ಯಾರೋ ಫೋಟೋಕ್ಕೆ ನಿಲ್ಲಿಸಿ, "ಸ್ವಲ್ಪ ನಗಿ" ಎಂದರು. ನಕ್ಕಳು. ಕೃತಿಕಾ ಬಂದು ಅವಳ ಎರಡೂ ಕೈ ಹಿಡಿದುಕೊಂಡು, "ನೀವಿಲ್ದಿದ್ರೆ ಈ ಹಾಡೇ ಹೋಗ್ಬಿಡ್ತಿತ್ತು" ಎಂದಾಗಲೂ ಬಾಯಿ ಬಿಡಲಾಗಲಿಲ್ಲ.

ಹೊರಗೆ ಜೀಪಿನಲ್ಲಿ ಎಲ್ಲರೂ ಒತ್ತಿಕೊಂಡು ಕೂತಿದ್ದರು. ರಾಮಮ್ಮ ಶಾಲನ್ನು ಮುದುರಿ ಕಂಕುಳಲ್ಲಿ ಅವುಚಿಕೊಂಡು ಬಂದಳು. ದ್ಯಾವಮ್ಮ ಪಕ್ಕದವರನ್ನು ಸರಿಸಿ, ಎಲೆಯಡಿಕೆ ಚೀಲವನ್ನು ಮಡಿಲಿಗೆಳೆದುಕೊಂಡು ಒಂದು ಗೇಣು ಜಾಗ ಮಾಡಿದಳು.

"ಬಾರೇ, ಕೂತ್ಕ."

"ನಿಂತ್ಕತ್ತೀನಿ ಬಿಡಕ್ಕ."

ರಾಮಮ್ಮ ಹಿಂದಿನ ಕಂಬಿ ಹಿಡಿದು ನಿಂತಳು. ತಿರುವು ಬಂದಾಗಲೆಲ್ಲ ಒಳಗಿದ್ದವರು ಒಬ್ಬರ ಮೇಲೊಬ್ಬರು ವಾಲುತ್ತಿದ್ದರು. ದ್ಯಾವಮ್ಮ ಮಾತ್ರ ಖಾಲಿ ಜಾಗದ ಮೇಲೆ ಅಂಗೈ ಊರಿ ಕೂತಿದ್ದಳು. ಸಂಸೆ ಬರುವವರೆಗೂ ಅಲ್ಲಿಗೆ ಯಾರನ್ನೂ ಸರಿಯಲು ಬಿಡಲಿಲ್ಲ.